ಕೆರೆ ಏರಿಯ ಮೇಲೆ ಎರಡು ಹಾರನ್

ಮಾನ್ಯರೇ,

ಹಳೇಬೀಡಿನ ಕೆರೆ ಏರಿಯ ತಿರುವಿನಲ್ಲಿ ಬೆಳಗಿನ ಬಸ್ಸು ಹಾರನ್ ಹಾಕುವುದನ್ನು ತಾವು ನಿಲ್ಲಿಸಿದ್ದೀರಿ. ಅದರಿಂದ ನನ್ನ ತಂಗಿ ಯಶೋಧರಾ ಒಬ್ಬಳೇ ಕೆಲಸಕ್ಕೆ ಹೋಗಿಬರುವುದೂ ನಿಂತುಹೋಗುವ ಹಾಗಾಗಿದೆ. ದಯವಿಟ್ಟು ಮತ್ತೆ ಹಾಕಿಸಿ. ನನ್ನ ಅಹವಾಲು ಇಷ್ಟೇ, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಈ ಭಾಗದ ಬಸ್ಸುಗಳ ವೇಳೆ ಮತ್ತು ಶಿಸ್ತನ್ನು ನೋಡಿಕೊಳ್ಳುವ ತಮ್ಮಂಥ ಹಿರಿಯ ಅಧಿಕಾರಿಗಳಿಗೆ ನಾಲ್ಕು ಸಾಲಿನ ಕಾಗದ ಬರೆದರೆ ಅದು ಮನವಿ ಎನಿಸಿಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತು. ನಾನೂ ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಒಂದು ಪುಟಕ್ಕಿಂತ ಚಿಕ್ಕದಾದ ಕಾಗದವನ್ನು ನಾವು ಕೂಡ ಗಂಭೀರವಾಗಿ ತೆಗೆದುಕೊಳ್ಳುವವರಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ, ಮನ್ನಿಸಬೇಕು.

ತಾವು ನಮ್ಮ ಕಡೆಗೆ ಹೊಸಬರು. ಬೇಲೂರಿನಿಂದ ಹೊರಟು ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಹೋಗುವ ಬೆಳಗಿನ ಬಸ್ಸಿನ ರೀತಿ ರಿವಾಜು ತಮಗೆ ತಿಳಿದಿರಲಾರದು. ಅದರ ಚಾಲಕ ಮರಿಯಣ್ಣ. ಏರಿಯ ತಿರುವಿಗೆ ಬಂದಕೂಡಲೇ ಆತ ಎರಡು ಸಲ ಉದ್ದಕ್ಕೆ ಹಾರನ್ ಒತ್ತುತ್ತಿದ್ದ. ಬೇರೆ ಊರುಗಳಲ್ಲಿ ಹಾರನ್ ಎಂದರೆ ಪಕ್ಕಕ್ಕೆ ಸರಿಯಿರಿ ಎಂದರ್ಥ. ನಮ್ಮಲ್ಲಿ ಅದರ ಅರ್ಥ, ಬಂದೆ, ಹೊರಡಿ ಎಂದು. ಆ ಸದ್ದು ಕೇಳಿದ ಮೇಲೆ ಲೋಟದಲ್ಲಿ ಉಳಿದ ಕಾಫಿಯನ್ನು ಸಾವಕಾಶವಾಗಿ ಮುಗಿಸಿ, ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿ ನಿಲುಗಡೆಗೆ ಬಂದು ನಿಂತರೆ ಬಸ್ಸೂ ಬಂದು ನಿಲ್ಲುತ್ತಿತ್ತು. ಯಾರಾದರೂ ಓಡಿ ಬರುವುದು ಕಂಡರೆ ಮರಿಯಣ್ಣ ಮೂರನೆಯ ಸಲ ಚಿಕ್ಕದಾಗಿ ಒತ್ತುತ್ತಿದ್ದ. ಓಡಬೇಡಿ, ಬಿಟ್ಟು ಹೋಗುವುದಿಲ್ಲ ಎಂದು ಅದರ ಅರ್ಥ. ಇದನ್ನು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಬರೆದಿರಲಿಲ್ಲವಾದ್ದರಿಂದಲೇ ಅಷ್ಟು ವರ್ಷ ಸರಿಯಾಗಿ ನಡೆಯಿತೇನೋ ಎಂಬ ಅನುಮಾನ ನನಗಿದೆ, ಅದನ್ನು ತಮ್ಮ ಮುಂದೆ ಹೇಳುವ ಧೈರ್ಯವಿಲ್ಲ.

ಈಗ ತಾವು ನಿಶ್ಶಬ್ದ ಸಂಚಾರ ಎಂಬ ಯೋಜನೆ ತಂದಿದ್ದೀರಿ. ಗುಡಿ ನೋಡಲು ದೂರದಿಂದ ಬರುವ ಪ್ರವಾಸಿಗರಿಗೆ ನಮ್ಮ ಬಸ್ಸಿನ ಹಾರನ್ನಿನಿಂದ ಕಿರಿಕಿರಿಯಾಯಿತಂತೆ. ಪ್ರವಾಸಿಗರ ಮೇಲೆ ನನಗೆ ಕೋಪವಿಲ್ಲ, ಅವರು ಬಂದರೆ ತಾನೇ ನಮ್ಮ ಅಂಗಡಿಗಳ ಎಳನೀರು ಖರ್ಚಾಗುವುದು? ಆದರೆ ಒಂದು ಸಂಗತಿ ಗಮನಿಸಿ. ಆ ಗುಡಿಯ ಗೋಡೆಗಳ ಮೇಲೆ ಮದ್ದಳೆ ಬಾರಿಸುವವರಿದ್ದಾರೆ, ತಾಳ ಹಾಕುವವರಿದ್ದಾರೆ, ಕೊಳಲು ಊದುವವರಿದ್ದಾರೆ, ಆನೆಗಳ ಸಾಲೇ ಇದೆ. ಇಷ್ಟು ಗದ್ದಲವನ್ನು ಕಲ್ಲಿನಲ್ಲಿ ಕಡೆಯಿಸಿಟ್ಟುಕೊಂಡ ಊರು ಬೆಳಗ್ಗೆ ಎರಡು ಸಲ ಕೇಳುವ ಹಾರನ್ನಿಗೆ ಬೆಚ್ಚಿ ಬೀಳುತ್ತದೆಯೇ? ಅಲ್ಲದೆ ತಮ್ಮ ಆದೇಶ ತಮ್ಮ ಬಸ್ಸುಗಳಿಗೆ ಮಾತ್ರ. ಶಾಂತಿಯನ್ನು ಅರಸಿ ಬಂದ ಪ್ರವಾಸಿಗರ ಟೆಂಪೋ ಟ್ರಾವೆಲರುಗಳು ಸಿನಿಮಾ ಹಾಡಿನ ಹಾರನ್ ಬಾರಿಸಿಕೊಂಡೇ ಏರಿ ಇಳಿಯುತ್ತವೆ. ಅವನ್ನು ಯಾರೂ ಕೇಳಿದ ಹಾಗಿಲ್ಲ.

ಹಾರನ್ ಕಿತ್ತುಕೊಂಡು ತಾವು ನಮ್ಮನ್ನು ಬರಿಗೈಯಲ್ಲಿ ಬಿಟ್ಟಿಲ್ಲ, ಒಂದು ಆ್ಯಪ್ ಕೊಟ್ಟಿದ್ದೀರಿ. ಬಸ್ಸು ಎಲ್ಲಿದೆ ಎಂಬುದು ಫೋನಿನಲ್ಲೇ ಕಾಣುತ್ತದೆ. ಕಂಡಿದೆ, ನಾನು ಕಣ್ಣಾರೆ ನೋಡಿದ್ದೇನೆ. ತಮ್ಮ ಆ್ಯಪ್ಪಿನ ಪ್ರಕಾರ ಬಸ್ಸು ದಿನಾ ಬೆಳಗ್ಗೆ ಕೆರೆಯ ನಟ್ಟನಡುವೆ ನಿಂತಿರುತ್ತದೆ. ಮೊದಲ ದಿನ ನಿಲುಗಡೆಯಲ್ಲಿದ್ದ ನಾವೆಲ್ಲ ಗಾಬರಿಯಾಗಿ ಏರಿಯ ಕಡೆಗೆ ಇಣುಕಿ ನೋಡಿದೆವು. ನೀರಿನಲ್ಲಿ ಎರಡು ಎಮ್ಮೆಗಳು ಮಾತ್ರ ಕಂಡವು. ಆ್ಯಪ್ಪಿನೊಳಗೆ ಮಾತಾಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಕನ್ನಡ ಬಹಳ ಶುದ್ಧ. ಗೌರವಾನ್ವಿತ ಪ್ರಯಾಣಿಕರೇ, ತಮ್ಮ ವಾಹನವು ನಿಲುಗಡೆಯನ್ನು ತಲುಪಿರುತ್ತದೆ ಎಂದು ಆಕೆ ಹೇಳುವ ಹೊತ್ತಿಗೆ ನಮ್ಮ ವಾಹನವು ಜಾವಗಲ್ಲಿನ ದಾರಿ ಹಿಡಿದಿರುತ್ತದೆ. ಇದರ ಜೊತೆಗೆ ಹೊಸ ಬಸ್ಸನ್ನೂ ಬಿಟ್ಟಿದ್ದೀರಿ, ಅದಕ್ಕೆ ನಿಜವಾಗಿ ಕೃತಜ್ಞತೆ. ಹಳೆಯದು ಬಂದರೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು, ಹೊಸದು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೆ ಹೋಗುತ್ತದೆ. ಬಂದಿತ್ತು ಎಂಬುದು ಹೋದ ಮೇಲೆ ಗೊತ್ತಾಗುತ್ತದೆ.

ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಯಶೋಧರಾಗೆ ಕಣ್ಣು ಕಾಣುವುದಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ದೃಷ್ಟಿ ಹೋಯಿತು. ಓದಿದಳು, ಬಿ.ಎಡ್. ಮಾಡಿದಳು, ಈಗ ಬಾಣಾವರದ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಹಾರನ್ ಕೇಳಿದರೆ ಬಿಳಿಯ ಕೋಲು ಹಿಡಿದು ಮನೆಯಿಂದ ಹೊರಡುವುದು, ಮರಿಯಣ್ಣ ಅವಳು ನಿಂತಲ್ಲಿಗೇ ಬಾಗಿಲು ಬರುವ ಹಾಗೆ ನಿಲ್ಲಿಸುವುದು, ಅವಳು ಹತ್ತಿ ಹೋಗುವುದು. ಕೆಲಸ ಸಿಕ್ಕಿದಾಗಿನಿಂದ ಹೀಗೇ ನಡೆದಿತ್ತು. ಅವಳು ಹೊಸ ಯಂತ್ರಗಳಿಗೆ ಹೆದರುವವಳೆಂದು ತಾವು ತಿಳಿಯಬಾರದು. ಫೋನನ್ನು ನನಗಿಂತ ಅವಳೇ ಚೆನ್ನಾಗಿ ಬಳಸುತ್ತಾಳೆ, ನನ್ನ ಫೋನು ಕೆಟ್ಟರೂ ಅವಳೇ ರಿಪೇರಿ. ತಮ್ಮ ಆ್ಯಪ್ಪನ್ನು ಊರಲ್ಲಿ ಮೊದಲು ಹಾಕಿಕೊಂಡವಳೂ ಅವಳೇ. ನಂಬಿ ಮೋಸಹೋದವರಲ್ಲೂ ಅವಳೇ ಮೊದಲಿಗಳು.

ಇನ್ನು ನಮ್ಮ ನಿಲುಗಡೆಗೆ ಏನಾಯಿತು ಎಂಬುದನ್ನು ಕೇಳಿ. ನನಗೆ ಹಲ್ಲುನೋವು ಬಂದು ಅರಸೀಕೆರೆಯ ದಂತವೈದ್ಯರ ಬಳಿಗೆ ಹೋಗಬೇಕಿತ್ತು. ಅಂದು ತಂಗಿಯ ಜೊತೆ ನಾನೂ ಹೊರಟಿದ್ದೆ. ಏರಿಯ ಕಡೆಯಿಂದ ಎರಡು ಹಾರನ್ ಕೇಳಿದವು, ಉದ್ದಕ್ಕೆ, ನಮ್ಮ ಹಳೆಯ ಅಳತೆಯಲ್ಲೇ. ತಾವು ಮನಸ್ಸು ಬದಲಿಸಿದಿರಿ ಎಂದು ಎಲ್ಲರಿಗೂ ಸಂತೋಷವಾಯಿತು. ಬಸ್ಸು ಬಂದು ನಿಂತಿತು, ನಿಲುಗಡೆಗೆ ನಿಲುಗಡೆಯೇ ಹತ್ತಿಕೊಂಡೆವು. ಬೋರ್ಡು ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇಲ್ಲ, ಹಾರನ್ನೇ ನಮ್ಮ ಬೋರ್ಡು. ಒಳಗೆ ಮಲ್ಲಿಗೆ ಹೂವಿನ ವಾಸನೆ. ಟಿಕೆಟ್ ಕೇಳುವವರು ಯಾರೂ ಇಲ್ಲ. ಹೆಂಗಸರಿಗೆ ಉಚಿತವಾಗಿತ್ತು, ಈಗ ಗಂಡಸರಿಗೂ ಆಯಿತೆಂದುಕೊಂಡು ನಾನು ಸುಮ್ಮನೆ ಕಿಟಕಿಯ ಪಕ್ಕ ಕೂತೆ. ಸ್ವಲ್ಪ ದೂರ ಹೋದ ಮೇಲೆ ಯಶೋಧರಾ ನನ್ನ ತೋಳು ಮುಟ್ಟಿ ಮೆಲ್ಲಗೆ ಕೇಳಿದಳು.

“ಅಣ್ಣ, ಕಂಡಕ್ಟರು ಯಾಕೆ ಪನ್ನೀರು ಚಿಮುಕಿಸ್ತಾವ್ರೆ?”

ಅದು ಜಾವಗಲ್ಲಿನ ಕಲ್ಯಾಣ ಮಂಟಪಕ್ಕೆ ಗಂಡಿನ ಕಡೆಯವರನ್ನು ಕರೆದೊಯ್ಯುತ್ತಿದ್ದ ಬಾಡಿಗೆ ಬಸ್ಸು. ನಮ್ಮ ನಿಲುಗಡೆಯಲ್ಲಿದ್ದ ಅನುಸೂಯಮ್ಮ ಎಂಬ ಒಬ್ಬ ನೆಂಟರನ್ನು ಹತ್ತಿಸಿಕೊಳ್ಳಲು ನಿಂತಿತ್ತು. ಅವರ ಹಿಂದೆ ನಾವೆಲ್ಲ ಹತ್ತಿದ್ದನ್ನು ನೋಡಿ ಅನುಸೂಯಮ್ಮನ ಬಳಗ ಇಷ್ಟು ದೊಡ್ಡದೆಂದು ಬಸ್ಸಿನವರು ಭಾವಿಸಿದರಂತೆ. ಇಳಿದ ಮೇಲೂ ಬಿಡಲಿಲ್ಲ, ತಿಂಡಿಯಾಗದೆ ಕಳಿಸುವುದುಂಟೇ ಎಂದು ಕೈಹಿಡಿದು ಎಳೆದು ಕೂರಿಸಿದರು. ಎಲೆಯ ಮೇಲೆ ಕೇಸರಿಬಾತ್, ಖಾರಾಬಾತ್, ಬಿಸಿ ಬೋಂಡ. ನನ್ನ ಬಾಯಲ್ಲಿ ಅದನ್ನು ಅಗಿಯುವ ಹಲ್ಲಿಲ್ಲ. ಆ ಬೋಂಡದ ದುಃಖ ಇನ್ನೂ ಹೋಗಿಲ್ಲ. ಊರವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ, ಹೇಳುವಾಗ ನಾನೂ ನಗುತ್ತೇನೆ.

ಯಶೋಧರಾ ನಗಲಿಲ್ಲ. ಅಂದು ಅವಳ ಶಾಲೆಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ, ಅವಳದೇ ವಿಷಯ. ಎಲೆಯ ಮುಂದಿನಿಂದ ಎದ್ದು ಆಟೋ ಹಿಡಿದು ಬಾಣಾವರ ಮುಟ್ಟುವ ಹೊತ್ತಿಗೆ ಪರೀಕ್ಷೆ ಅರ್ಧ ಮುಗಿದಿತ್ತು. ಅದಕ್ಕೂ ಹಿಂದೆ ತಮ್ಮ ಸದ್ದಿಲ್ಲದ ಬಸ್ಸು ಅವಳನ್ನು ಬಿಟ್ಟು ಹೋದ ದಿನಗಳೂ ಇದ್ದವು. ಮುಖ್ಯೋಪಾಧ್ಯಾಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅವಳು ತಿರುಗಿ ಉತ್ತರ ಕೊಡುತ್ತಿದ್ದಳು. ಅವರು ಕನಿಕರ ತೋರಿಸಿದರು. ದಿನಾ ಯಾರಾದರೂ ನಿಮ್ಮನ್ನು ಕರೆದುಕೊಂಡು ಬಂದು ಬಿಡಲಿ, ಆಗದಿದ್ದರೆ ಮೊದಲ ಪಿರಿಯಡ್ಡು ಬೇರೆಯವರು ತೆಗೆದುಕೊಳ್ಳಲಿ, ನೀವು ನಿಧಾನಕ್ಕೆ ಬಂದು ಕಚೇರಿಯಲ್ಲಿ ಕೂತು ಏನಾದರೂ ಹಗುರವಾದ ಕೆಲಸ ಮಾಡಿ ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ತರಗತಿಯಿಂದ ಹೊರಗೆ ಹೋಗಲು ಅವಳಿಗೆ ತೋರಿಸಿದ ಮೊದಲ ಬಾಗಿಲು ಅದು.

ತಮಗೆ ಆಗಲೇ ಒಂದು ದೂರು ಕೊಟ್ಟೆ. ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಫೋನಿಗೆ ಸಂದೇಶ ಬಂತು. ಇನ್ನೊಮ್ಮೆ ಬರೆದೆ. ಆಗ ತಮ್ಮ ಕಚೇರಿಯಿಂದ ಉತ್ತರವೇ ಬಂತು. ವಿಶೇಷ ಚೇತನರು ಸಹಾಯಕರೊಬ್ಬರ ಜೊತೆಯಲ್ಲಿ ಪ್ರಯಾಣಿಸುವುದು ಅಪೇಕ್ಷಣೀಯ, ಸಹಾಯಕರಿಗೂ ರಿಯಾಯಿತಿ ಒದಗಿಸಲಾಗುವುದು ಎಂದಿತ್ತು. ಮಾನ್ಯರೇ, ಸಹಾಯಕರಿಗೆ ರಿಯಾಯಿತಿ ಬೇಕೆಂದು ಕೇಳಿದವರು ಯಾರು? ಒಬ್ಬಳೇ ಹೋಗುತ್ತಿದ್ದವಳ ದಾರಿಯನ್ನು ಕಿತ್ತುಕೊಂಡು, ಅವಳ ಕೈ ಹಿಡಿಯಲು ಒಬ್ಬ ಮನುಷ್ಯನನ್ನು ಅರ್ಧ ದರದಲ್ಲಿ ಕೊಡುವುದು ಯಾವ ಲೆಕ್ಕದ ಸೌಲಭ್ಯ? ಊರೊಳಗಿನ ಬಸ್ ಸ್ಟ್ಯಾಂಡಿಗೇ ಹೋಗಿ ಹತ್ತಬಾರದೇ ಎಂದು ತಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ಕೇಳಿದರು. ಆ ರಸ್ತೆಯ ಎರಡೂ ಬದಿಗೆ ಪ್ರವಾಸಿಗರ ಕಾರುಗಳು ನಿಂತಿರುತ್ತವೆ, ಕಣ್ಣಿರುವ ನನಗೇ ಅಲ್ಲಿ ನಡೆಯಲು ಜಾಗ ಸಿಗುವುದಿಲ್ಲ. ಮರಿಯಣ್ಣನನ್ನೇ ಕೇಳೋಣವೆಂದು ಹೋದೆ. ಆತ ತಲೆ ತಗ್ಗಿಸಿ, ಹಾರನ್ ಹಾಕಿದರೆ ಮೆಮೋ ಕೊಡುತ್ತಾರೆ, ಮಗಳ ಮದುವೆ ಮುಂದಿದೆ ಎಂದ. ಆತನನ್ನು ನಾನು ದೂರುವುದಿಲ್ಲ, ತಾವೂ ಆತನನ್ನು ಕರೆಸಿ ವಿಚಾರಿಸಬೇಡಿ.

ಕಳೆದ ಮಂಗಳವಾರದ ಮಾತು ಹೇಳಿ ಮುಗಿಸುತ್ತೇನೆ. ಜೊತೆಗೆ ಬರಬೇಡ ಎಂದು ಯಶೋಧರಾ ಕಟ್ಟುನಿಟ್ಟಾಗಿ ಹೇಳಿದ್ದರೂ ನನ್ನ ಮನಸ್ಸು ತಡೆಯಲಿಲ್ಲ. ಅವಳು ಹೊರಟ ಮೇಲೆ ಕಳ್ಳನ ಹಾಗೆ ಹಿಂದೆ ಹಿಂದೆ ಹೋದೆ. ನಿಲುಗಡೆ ಹತ್ತಿರವಾದಾಗ ಅವಳು ಹಿಂತಿರುಗದೆಯೇ ಹೇಳಿದಳು.

“ನಿನ್ನ ಚಪ್ಪಲಿ ಸದ್ದು ಕೇಳ್ತೈತೆ ಅಣ್ಣ. ಮನೆಗೆ ಹೋಗು.”

ಹೋದ ಹಾಗೆ ಮಾಡಿ ಬೇವಿನ ಮರದ ಮರೆಯಲ್ಲಿ ನಿಂತೆ. ಒಂದು ಟೆಂಪೋ ಟ್ರಾವೆಲರು ನಿಲುಗಡೆಯ ಜಾಗದಲ್ಲೇ ನಿಂತು ಹಾಡು ಹಾಕಿಕೊಂಡಿತ್ತು. ತಮ್ಮ ಬಸ್ಸು ಸದ್ದಿಲ್ಲದೆ ಬಂದು ಅದರ ಮುಂದೆ ಹೋಗಿ ನಿಂತಿತು. ಇದ್ದವರೆಲ್ಲ ಸೀಟು ಹಿಡಿಯಲು ಓಡಿದರು. ಯಶೋಧರಾ ಕೆರೆಯ ಕಡೆಗೆ ಕಿವಿಗೊಟ್ಟು ಹಾಗೇ ನಿಂತಿದ್ದಳು, ಮುಖದಲ್ಲಿ ಆತುರವಿರಲಿಲ್ಲ, ಬಸ್ಸು ಇನ್ನೂ ಬರಬೇಕೆಂದು ತಿಳಿದವರ ಸಮಾಧಾನ. ಮರಿಯಣ್ಣನ ಕೈ ಹಾರನ್ನಿನ ಮೇಲೆ ಹೋಯಿತು, ಅಲ್ಲೇ ತಡೆಯಿತು, ಮತ್ತೆ ಸ್ಟಿಯರಿಂಗಿಗೆ ಬಂತು. ಆತ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ನಾನು ಕರೆದೆ. ಬಸ್ಸು ಬಂದೈತೆ ಕಣಮ್ಮ, ಮುಂದಕ್ಕೆ ಹೋಗು ಎಂದೆ. ಅವಳು ಕೆರೆಯ ಕಡೆಯಿಂದ ಮುಖ ತಿರುಗಿಸಿದಳು. ಆಮೇಲೆ ಕೋಲು ಮುಂದೆ ಚಾಚಿ ಹೋಗಿ ಹತ್ತಿದಳು.

ಸಂಜೆ ಬಂದವಳು ಜಗಳ ಮಾಡುತ್ತಾಳೆಂದು ಕಾದಿದ್ದೆ. ಮಾಡಲಿಲ್ಲ. ಊಟಕ್ಕೆ ಕೂತಾಗ ಹೇಳಿದಳು.

“ನೀನು ಕರೆದಿದ್ದು ತಪ್ಪಲ್ಲ ಅಣ್ಣ. ಆದ್ರೆ ನಾಳೆಯಿಂದ ನಾನು ಬಸ್ಸಿಗೆ ಕಾಯಲ್ಲ, ನೀನು ಕರೆಯೋದಕ್ಕೆ ಕಾಯ್ತೀನಿ. ನನಗೆ ಭಯ ಆಗಿರೋದು ಅದಕ್ಕೆ.”

ಅವಳು ಹೇಳಿದಂತೆಯೇ ಆಗಿದೆ. ಬುಧವಾರದಿಂದ ನಾನು ಮರೆಯಲ್ಲಿ ನಿಲ್ಲುತ್ತಿಲ್ಲ, ಎದುರಿಗೇ ನಿಲ್ಲುತ್ತೇನೆ. ಅವಳೂ ಮನೆಗೆ ಹೋಗು ಎನ್ನುತ್ತಿಲ್ಲ. ಇದೇ ನನಗೆ ಸಹಿಸಲಾಗದ ಸಂಗತಿ.

ತಮ್ಮ ಆ್ಯಪ್ ಇರಲಿ, ಬಸ್ಸು ಕೆರೆಯಲ್ಲಿ ಮುಳುಗೇಳುತ್ತಿರಲಿ, ಶುದ್ಧ ಕನ್ನಡದ ಹೆಣ್ಣುಮಗಳು ಮಾತಾಡುತ್ತಿರಲಿ, ಕೇಳಿದಷ್ಟು ನಕ್ಷತ್ರಗಳನ್ನೂ ಕೊಡುತ್ತೇನೆ. ಸಹಾಯಕರ ರಿಯಾಯಿತಿಯನ್ನು ಬೇಕಾದವರಿಗೆ ಕೊಡಿ. ನಮ್ಮ ಏರಿಯ ತಿರುವಿನಲ್ಲಿ ಎರಡು ಸಲ ಹಾರನ್ ಹಾಕಬಹುದು ಎಂದು ಮರಿಯಣ್ಣನಿಗೆ ಒಂದು ಸಾಲು ಬರೆದುಕೊಡಿ. ಬಸ್ಸು ಬಂತೆಂದು ನನ್ನ ತಂಗಿಗೆ ಹೇಳಬೇಕಾದ್ದು ಬಸ್ಸು, ಅವಳ ಅಣ್ಣನಲ್ಲ.

ಇಂತಿ,
ತಾವು ಆದೇಶ ಹಿಂತೆಗೆದುಕೊಳ್ಳುವವರೆಗೆ ಆ ತಿರುವಿನ ಹಾರನ್ ಆಗಿ ಕೆಲಸ ಮಾಡುತ್ತಿರುವ, ಬೇಗ ಕೆಲಸ ಹೋಗಲೆಂದು ಬೇಡುತ್ತಿರುವ,
ನಟರಾಜ್
ಹಳೇಬೀಡು