ಸಿಕ್ಕ ಜಾಗ ತಿಳಿದಿಲ್ಲ

ಹಾಸ್ಟೆಲ್
ಅಕ್ಟೋಬರ್ 14

ಪ್ರೀತಿಯ ಅಮ್ಮ,

ಫೋನ್ ಇರುವಾಗ ಕಾಗದ ಬರೆದು ತಲೆ ತಿನ್ನುತ್ತಿದ್ದೇನೆ, ಸಾರಿ. ಫೋನಿನಲ್ಲಿ ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಷ್ಟರಲ್ಲಿ ತಮ್ಮ ಕಿತ್ತುಕೊಳ್ಳುತ್ತಾನೆ. ಒತ್ತಕ್ಷರ ತಪ್ಪಿದ್ದರೆ ನಗಬೇಡ. ಆರನೇ ವಯಸ್ಸಿಗೇ ಇಂಗ್ಲಿಷ್ ಬೋರ್ಡಿಂಗಿಗೆ ಹಾಕಿದ್ದು ನೀವೇ.

ವಿಷಯ ಏನೆಂದರೆ, ನಮ್ಮ ಡಿಪಾರ್ಟ್‌ಮೆಂಟ್ ಮುಚ್ಚುತ್ತಿದ್ದಾರೆ. ಗ್ರೀಕ್, ರೋಮನ್ ಪುರಾತತ್ತ್ವಕ್ಕೆ ಈ ವರ್ಷ ಸೇರಿದ್ದೇ ನಾಲ್ಕು ಜನ. ಇನ್ನು ಅಡ್ಮಿಶನ್ ಇಲ್ಲವಂತೆ. ನಾವು ಟೂರಿಸಂ ಕೋರ್ಸಿಗೆ ಹೋಗಬಹುದು, ಇಲ್ಲವೇ ಕೊನೆಯ ಬ್ಯಾಚಾಗಿ ಇಲ್ಲೇ ಮುಗಿಸಬಹುದು. ಸೋಮವಾರದೊಳಗೆ ಹೇಳಬೇಕು.

"ಇಷ್ಟು ದಿನ ನಾವು ಅಗೀತಿದ್ವಿ, ಈಗ ನಮ್ಮನ್ನೇ ಹೂಳ್ತಾರೆ," ಎಂದು ಸೀನಿಯರ್ ಒಬ್ಬಳು ನಗಿಸಿದಳು. ನಮಗೆ ಪಾಠ ಮಾಡುವ ಮೇಡಂ ನಗಲಿಲ್ಲ.

"ನಾವು ಪುರಾತತ್ತ್ವದೋರು ಇನ್ನೂರು ವರ್ಷ ಬರೀ ಅಮೃತಶಿಲೆ ದೇವತೆಗಳ ಮೂಗು ನೋಡ್ಕೊಂಡು ಕೂತ್ವಿ ಕಣ್ರೇ. ಈ ಮಡಕೇಲಿ ಬೇಯಿಸ್ತಿದ್ದೋಳು ಯಾರು ಅಂತ ಈಗಷ್ಟೇ ಕೇಳೋಕೆ ಶುರು ಮಾಡಿದ್ವಿ. ಅಷ್ಟರಲ್ಲಿ ಲೈಟ್ ಆರಿಸ್ತಾರಂತೆ," ಅಂದರು.

ನೆಲಮಾಳಿಗೆಯ ಉಗ್ರಾಣ ಜಿಮ್ ಆಗಲಿದೆ. ಹಾಗಾಗಿ ಈ ವಾರವೆಲ್ಲ ಮಡಕೆ ಚೂರು ವಿಂಗಡಿಸುವುದೇ ಕೆಲಸ. ಎಲ್ಲಿ, ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿದ್ದರೆ ಮ್ಯೂಸಿಯಂಗೆ. "ಸಿಕ್ಕ ಜಾಗ ತಿಳಿದಿಲ್ಲ" ಎಂಬ ಚೀಟಿ ಇದ್ದರೆ ಕಸಕ್ಕೆ. ನಿನ್ನೆ ಒಂದು ಮಡಕೆಯ ಹಿಡಿಕೆ ಸಿಕ್ಕಿತು. ಮಾಡಿದವರ ಹೆಬ್ಬೆರಳಿನ ಗುರುತು ಹಾಗೇ ಇತ್ತು. ನನ್ನ ಬೆರಳು ಅದರೊಳಗೆ ಸರಿಯಾಗಿ ಕೂತಿತು. ಚೀಟಿಯಲ್ಲಿ ಮಾತ್ರ ಅದೇ ಸಾಲು.

"ಇದೂನಾ ಮೇಡಂ?"

"ಎಲ್ಲಿಂದ ಬಂತು ಗೊತ್ತಿಲ್ಲದ್ದು ನಮಗೇನೂ ಹೇಳಲ್ಲಮ್ಮಾ. ಚೆನ್ನಾಗಿದೆ ಅಂತ ಇಟ್ಕೊಂಡ್ರೆ ನಾವೂ ಮೂಗು ನೋಡೋರೇ ಆದ್ವಿ," ಅಂದವರು ಅದನ್ನು ಎಸೆಯಲೂ ಇಲ್ಲ, ಎತ್ತಿಡಲೂ ಇಲ್ಲ. ಕನ್ನಡಕ ಒರೆಸುತ್ತಾ ನಿಂತರು.

ನನಗೆ ಉಳಿಯಬೇಕೆಂದಿದೆ. ಭಯವೂ ಇದೆ, ಉಗುರೆಲ್ಲ ಕಚ್ಚಿ ಮುಗಿಸಿದ್ದೇನೆ. ಅಪ್ಪ "ನಾನ್ ಆಗ್ಲೇ ಹೇಳಿರ್ಲಿಲ್ವಾ" ಎಂದು ಶುರು ಮಾಡುತ್ತಾರೆ, ಅದಕ್ಕೇ ನಿನಗೆ ಬರೆದೆ. ಬೆನ್ನುನೋವು ಹೇಗಿದೆ? ತಮ್ಮನಿಗೊಂದು ಗುದ್ದು ಕೊಡು.

ನಿನ್ನ
ಪುಟ್ಟಿ

ಮರೆತಿದ್ದೆ: ಹೊಸ ಮನೆಯ ವಿಡಿಯೋ ಮತ್ತೆ ಮತ್ತೆ ನೋಡಿದೆ. ಒಂದು ರೂಮು ನಿಮ್ಮದು, ಇನ್ನೊಂದರ ಬಾಗಿಲ ಮೇಲೆ ತಮ್ಮನ ಹೆಸರು. "ಅವಳು ರಜೆಗೆ ಬಂದಾಗ ಹಾಲ್‌ನಲ್ಲಿ ಹಾಸ್ಕೊಂಡ್ರಾಯ್ತು," ಎಂದು ಅಪ್ಪ ಹಿಂದಿನಿಂದ ಹೇಳಿದ್ದು ಕೇಳಿಸಿತು. ಹಾಸಿಕೊಳ್ಳುತ್ತೇನೆ, ಪರವಾಗಿಲ್ಲ. ಆದರೆ ಹಳೇ ಮನೆಯಲ್ಲಿ ಮಂಚದ ಕೆಳಗಿದ್ದ ನನ್ನ ಹಸಿರು ಟ್ರಂಕು ಎಲ್ಲೂ ಕಾಣಲಿಲ್ಲ. ಅದನ್ನು ಎಲ್ಲಿಟ್ಟಿದ್ದೀರಿ? ಬೇಗ ಬರೆಯಮ್ಮ.