ಬಟ್ಟೆ ಮಡಿಸುವ ಮೇಜು

ಹ್ಯಾಮ್ಟ್ರಾಮಿಕ್,
18 ಆಗಸ್ಟ್ 2014

ಪ್ರೀತಿಯ ವಾಂಡಕ್ಕ,

ನಿಂತಿದ್ದರೆ ಮೊದಲು ಕೂತುಕೋ. ಮೂವತ್ತಾರು ವರ್ಷದಿಂದ ಎದೆಯ ಮೇಲಿದ್ದ ಭಾರ ಮೊನ್ನೆ ಶನಿವಾರ ಇಳಿಯಿತು.

ಅಪ್ಪ ನನ್ನ ಮತ್ತು ಚೆಸ್ಟರನ ಮದುವೆಗೆ ಕೊಟ್ಟ 1970ರ ಚಾಲೆಂಜರ್ ಕಾರನ್ನು ಮಗಳು ಐರಿನ್ ನಮಗೆ ಹೇಳದೆ ಹಳೇ ಕಾರುಗಳ ಪ್ರದರ್ಶನಕ್ಕೆ ಸೇರಿಸಿಬಿಟ್ಟಿದ್ದಳು. ನಾನು ಬೇಡವೆಂದೆ, ಚೆಸ್ಟರ್ ಕೂಡ ಬೇಡವೆಂದ. ಅವಳು ಕೇಳಬೇಕಲ್ಲ! ಅಲ್ಲಿ ತೀರ್ಪುಗಾರರು ಟಾರ್ಚು ಹಿಡಿದು ಎಂಜಿನ್ನಿನ ನಂಬರು ಓದುತ್ತಾರೆ. ಕಾರಿನ ನಂಬರಿಗೆ ಅದು ತಾಳೆಯಾದರೆ ಮಾತ್ರ ಗಾಡಿ ಅಪ್ಪಟ. ನನ್ನ ಜೀವ ಬಾಯಿಗೆ ಬಂದಿತ್ತು. 1978ರಲ್ಲಿ ಚೆಸ್ಟರ್ ಮೀನು ಹಿಡಿಯಲು ಹೋಗಿದ್ದಾಗ ಆಯಿಲ್ ನೋಡದೆ ನಿನ್ನ ಮನೆಗೆ ಓಡಿಸಿಕೊಂಡು ಬಂದು ಎಂಜಿನ್ ಸುಟ್ಟವಳು ನಾನಲ್ಲವೇ. ಅವನು ಬರುವಷ್ಟರಲ್ಲಿ ಲೆನಾರ್ಡ್ ಭಾವ ಬೇರೊಂದು ಎಂಜಿನ್ ಕೂರಿಸಿಕೊಟ್ಟರು, ಸಾಯುವವರೆಗೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ. ಚೆಸ್ಟರ್ ಬೈದಾನೆಂಬ ಭಯ ಸಣ್ಣದು. ಕಾರ್ಖಾನೆಯಲ್ಲಿ ಮೊದಲಿನ ಎಂಜಿನ್ನನ್ನು ಕಾರಿಗೆ ಇಳಿಸಿದ್ದು ನಮ್ಮಪ್ಪನೇ. ಅಪ್ಪನ ಕೈಕೆಲಸ ಹಾಳು ಮಾಡಿದೆನಲ್ಲ ಎಂದು ಎಷ್ಟು ಅತ್ತಿದ್ದೇನೋ.

ತೀರ್ಪುಗಾರ ಬಗ್ಗಿ ನೋಡಿ, "ಈ ಎಂಜಿನ್ ಈ ಕಾರಿಂದಲ್ಲ" ಎಂದ. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಚೆಸ್ಟರ್ ನನ್ನ ಕೈ ಹಿಡಿದುಕೊಂಡ.

"ಬರ್ನೀಸ್, ಬೈಬೇಡ ಕಣೇ. ಎಪ್ಪತ್ನಾಲ್ಕರಲ್ಲಿ ವುಡ್‌ವರ್ಡ್ ರಸ್ತೇಲಿ ರೇಸಿಗೆ ಬಿದ್ದು ಎಂಜಿನ್ ಸುಟ್ಕೊಂಡೆ. ಗುಜರೀಲಿ ಒಂದು ಹುಡುಕಿ ಹಾಕ್ಸಿದ್ದೆ. ರೇಸ್ ಮಾತ್ರ ಬೇಡ ಅಂತ ನಿಮ್ಮಪ್ಪ ಮಾತು ತಗೊಂಡಿದ್ರಲ್ಲ, ನಿಂಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅಕ್ಕಾ, ಹಾಗಾದರೆ ನಾಲ್ಕು ವರ್ಷದ ಮೇಲೆ ನಾನು ಸುಟ್ಟಿದ್ದು ಗುಜರಿ ಎಂಜಿನ್ನು! ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಆಮೇಲೆ ನೋಡು, ಸಿಟ್ಟು ನೆತ್ತಿಗೇರಿತು. "ನಮ್ಮಪ್ಪನ ಎಂಜಿನ್ ಎಲ್ಲಿ ಎಸೆದ್ಯೋ ಪಾಪಿ?" ಎಂದು ಅಷ್ಟು ಜನರೆದುರೇ ಕೂಗಿದೆ.

"ಮಾವ ಕೂರ್ಸಿದ್ದು, ಎಸೆಯೋಕೆ ಮನಸ್ಸು ಬರ್ಲಿಲ್ಲ. ಮನೇಲೇ ಇದೆ. ನೀನು ದಿನಾ ಬಟ್ಟೆ ಮಡಿಸ್ತೀಯಲ್ಲ, ಆ ಮೇಜಿನ ಕೆಳಗೆ."

ನೆಲಮಾಳಿಗೆಯಲ್ಲಿ ಅವನೇ ಮಾಡಿಕೊಟ್ಟ, ಎಷ್ಟು ತಳ್ಳಿದರೂ ಅಲ್ಲಾಡದ ಮೇಜು ನೆನಪಿದೆಯಲ್ಲ? ಕ್ರಿಸ್‌ಮಸ್ಸಿಗೆ ನಾವಿಬ್ಬರೂ ಪಿರೋಗಿ ಕಡುಬಿನ ಹಿಟ್ಟು ಲಟ್ಟಿಸಿದ್ದು ಅದರ ಮೇಲೆಯೇ. ಮನೆಗೆ ಬಂದವಳೇ ಹೂವಿನ ಹಾಸು ಎಳೆದು, ಹಲಗೆ ಎತ್ತಿ, ತುಕ್ಕು ಒರೆಸಿ ನೋಡಿದೆ. ಕಾರಿನದೇ ನಂಬರು, ಅಕ್ಕ. ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ಅಪ್ಪನ ಕೈಕೆಲಸ ಕಳೆದುಕೊಂಡೆ ಎಂದು ಅಳುತ್ತಾ ಮೂವತ್ತಾರು ವರ್ಷ ಅಲ್ಲೇ ಟವೆಲು ಮಡಿಸಿದ್ದೇನೆ.

ಚೆಸ್ಟರನನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇನೆ. ಪಾತ್ರೆಯನ್ನೆಲ್ಲ ಅವನೇ ತೊಳೆಯುತ್ತಿದ್ದಾನೆ. ನಿನ್ನ ಮಂಡಿನೋವು ಹೇಗಿದೆ, ಬರೆ.

ಹಗುರಾದ ನಿನ್ನ ತಂಗಿ,
ಬರ್ನೀಸ್

ತಾ.ಕ.: ಕಾರಿನಲ್ಲಿರುವ ಎಂಜಿನ್ 1973ರದ್ದೆಂದು ತೀರ್ಪುಗಾರ ಬರೆದುಕೊಟ್ಟಿದ್ದಾನೆ. "ನಾನು ಹಾಕ್ಸಿದ್ದು ಎಪ್ಪತ್ತೊಂದರದ್ದು, ನಿನ್ನಾಣೆಗೂ!" ಎಂದು ಚೆಸ್ಟರ್ ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದಾನೆ. ವಯಸ್ಸಾಯಿತಲ್ಲ, ಮರೆವು ಸಹಜ ಎಂದು ಸಮಾಧಾನ ಹೇಳಿದ್ದೇನೆ. ಪಾತ್ರೆ ತೊಳೆಯುವುದು ಅವನಿಗೆ ಬೇಜಾರಾದ ದಿನ ನಿಜ ಹೇಳುತ್ತೇನೆ. ಅಲ್ಲಿಯವರೆಗೆ ಫೋನು ಅವನೆತ್ತಿದರೆ, ನೀನು ಮಂಡಿನೋವಿನ ಮಾತಷ್ಟೇ ಆಡು.