ಮಾಗಡಿ ಕೆರೆಯ ಸದ್ದಿಗೆ ಒಂದೇ ಹೆಸರು

ಲಕ್ಷ್ಮೇಶ್ವರ
೧೨ ಜನವರಿ ೨೦೨೬

ಪ್ರೀತಿಯ ಅಮೀರಾ,

ದಿನಾ ಫೋನಿನಲ್ಲಿ ಮಾತಾಡುವವಳು ಪತ್ರ ಬರೆದಿದ್ದಾಳೆಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಆರಾಮ. ಗಾಬರಿ ನನಗೆ. ಫೋನಿನಲ್ಲಿ ನಾಲ್ಕು ಸಲ ಹೇಳಲು ಹೋಗಿ, ನಾಲ್ಕು ಸಲವೂ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ನೀನು ‘ಏಳು ಕಣಿವೆ’ ಕಂಪ್ಯೂಟರ್ ಆಟದ ಎರಡನೆಯ ಭಾಗ ಶುರು ಮಾಡಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಹೋದ ವಾರ ನೀನು, “ಸುಶ್ಮಿ, ಐದನೇ ಕಣಿವ್ಯಾಗ ಒಂದು ಕೆರಿ ಐತಿ. ಹಕ್ಕಿ ಸಪ್ಪಳ ಕೇಳಿದ್ರ ನಮ್ಮ ಮಾಗಡಿ ಕೆರಿ ದಂಡಿಮ್ಯಾಗ ನಿಂತಂಗ ಅನಸ್ತೈತಿ” ಎಂದಾಗ ನಾನು ನಕ್ಕೆ. ಮಾತು ಬದಲಿಸಿದೆ.

ಅದು ಮಾಗಡಿ ಕೆರೆಯೇ, ಅಮೀರಾ.

ಗದಗಿನ ಕಾಲೇಜಿನಲ್ಲಿದ್ದಾಗ ಮೊದಲ ಆಟವನ್ನು ನಿಮ್ಮ ಬೆಟಗೇರಿ ಮನೆಯ ಒಂದೇ ಕಂಪ್ಯೂಟರಿನಲ್ಲಿ ಸರದಿಯ ಮೇಲೆ ಆಡುತ್ತಿದ್ದೆವಲ್ಲ. ಎರಡನೆಯದಕ್ಕೆ ನಿಮ್ಮೂರಿನ ಸದ್ದು ಕಳಿಸಿ ಎಂದು ಕಂಪನಿಯವರು ಆಡುವವರನ್ನೆಲ್ಲ ಕೇಳಿದಾಗ, ಮಾಗಡಿಗೆ ಹೋಗೋಣ ಎಂದವಳು ನೀನು. ಕೆರೆಯ ಏರಿಯ ಮೇಲೆ, ರೆಕಾರ್ಡ್ ಮಾಡುವಾಗ ಗಾಳಿ ತಾಗದಂತೆ ಮೊಬೈಲಿಗೆ ನಿನ್ನ ವೇಲ್ ಸುತ್ತಿ ಹಿಡಿದವಳೂ ನೀನೇ. ಹೆಬ್ಬಾತುಗಳು ಒಮ್ಮೆಲೇ ಎದ್ದಾಗ ನಾನು ಹೆದರಿ ಕಿವಿ ಮುಚ್ಚಿಕೊಂಡಿದ್ದೆ.

ಕಳಿಸುವ ಕೆಲಸವಷ್ಟೇ ನನ್ನದು. ಕಂಪನಿಯ ಫಾರಂನಲ್ಲಿ ಎರಡು ಹೆಸರಿಗೆ ಜಾಗವಿತ್ತು, ನನ್ನದೊಂದನ್ನೇ ಬರೆದೆ. ಕಾಲೇಜಿನಲ್ಲಿ ಎಲ್ಲರಿಗೂ ನೀನು ಅಮೀರಾ, ನಾನು ಅಮೀರಾಳ ಗೆಳತಿ. ಒಂದು ಕಡೆಯಾದರೂ ನಾನೊಬ್ಬಳೇ ಇರಲಿ ಅನ್ನಿಸಿತು. ಎರಡು ತಿಂಗಳಿಗೆ ‘ಆರಿಸಿದ್ದೇವೆ’ ಎಂದು ಉತ್ತರ ಬಂತು. ನೀನು ಕೇಳಿದಾಗ, ಅವರು ಏನೂ ಹೇಳೇ ಇಲ್ಲ ಎಂದುಬಿಟ್ಟೆ. ನನಗೆ ಬೇಸರವಾಗಿದೆ ಎಂದುಕೊಂಡು ನೀನೇ ಸಮಾಧಾನ ಮಾಡಿದೆ, ಗಿರ್ಮಿಟ್ ಕೊಡಿಸಿದೆ. ತಿಂದೆ.

ಆಟ ಮುಗಿದ ಮೇಲೆ ಪರದೆಯಲ್ಲಿ ಹೆಸರುಗಳು ಬರುತ್ತವೆ. ಆರನೆಯ ಕಣಿವೆಯಲ್ಲಿದ್ದೇನೆ ಎಂದು ನಿನ್ನೆ ನೀನು ಹೇಳಿದೆ. ಉಳಿದದ್ದು ಒಂದೇ. ಅಲ್ಲಿ ಓದುವ ಮೊದಲು ನೀನು ಇಲ್ಲಿ ಓದಬೇಕು. ನಿನ್ನ ಹೆಸರು ಸೇರಿಸಿ, ಅದೂ ಮೊದಲು, ಎಂದು ಕಂಪನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಎಷ್ಟು ಬೇಕಾದರೂ ಬೈಯಿ. ಫೋನು ಮಾಡುವುದನ್ನು ಮಾತ್ರ ಬಿಡಬೇಡ.

ನಿನ್ನ
ಸುಶ್ಮಿತಾ

ತಾ.ಕ.: ಲಕೋಟೆ ಅಂಟಿಸುವಾಗಲೇ ನಿನ್ನ ಫೋನು ಬಂತು. ಇವತ್ತು ಎಷ್ಟನೇ ಕಣಿವೆಗೆ ಬಂದೆ ಎಂದು ನಾನು ಕೇಳಿದೆ. ನೀನು, “ಗುರುವಾರನ ಮುಗಿಸೀನಿ, ಸುಶ್ಮಿ. ಆರನೇ ಕಣಿವ್ಯಾಗ ಅದೀನಿ ಅಂತ ಸುಳ್ಳು ಹೇಳ್ಕೋತ ಬಂದ್ನಿ. ನೀನಾಗೇ ಹೇಳ್ತಿ ಅಂತ ಕಾಯಾಕತ್ತಿದ್ನಿ” ಎಂದೆ. ನಾನು ಪತ್ರ ಬರೆದಿದ್ದೇನೆ ಎಂದಷ್ಟೇ ಹೇಳಿದೆ. “ಪೋಸ್ಟಿಗೆ ಹಾಕಬ್ಯಾಡ. ತಗೊಂಡು ಬಾ, ನನ್ನ ಮುಂದ ಕುಂತು ಓದು” ಎಂದು ಇಟ್ಟುಬಿಟ್ಟೆ ನೀನು. ಇದನ್ನು ಗದಗಿನ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಮುಳಗುಂದ ದಾಟಿತು. ಸಿಟ್ಟಿನಿಂದ ಕರೆದೆಯೋ, ಪ್ರೀತಿಯಿಂದಲೋ, ನಿನ್ನ ದನಿಯಿಂದ ನನಗೆ ತಿಳಿಯಲಿಲ್ಲ.